ಫಾರ್ಮ್ 12-ಬಿ ಮೂಲಕ ಸ್ಟಿರಿಪೆಂಟಾಲ್ ತರಿಸಿದ್ದು: ನನ್ನ ಅನುಭವ

ಸ್ಟಿರಿಪೆಂಟಾಲ್ ಅನ್ನು ವಿದೇಶದಿಂದ ಕೊರಿಯರ್‌ನಲ್ಲಿ ತರಿಸಿದರೆ ಕಸ್ಟಮ್ಸ್‌ನಲ್ಲೇ ಕೊಳೆಯುತ್ತೆ, ಊರಿಗೆ ಬರುವವರ ಸೂಟ್‌ಕೇಸಿಗೆ ಹಾಕಿಸಿ ಅಂತ ಹೇಳದವರೇ ಇಲ್ಲ. ಈಗ ಮೂರನೇ ಪಾರ್ಸೆಲ್ಲೂ ಮನೆ ಸೇರಿದೆ. ಡ್ರಾವೆ ಸಿಂಡ್ರೋಮ್ (ಎಳವೆಯಲ್ಲೇ ಶುರುವಾಗುವ ತೀವ್ರ ಮೂರ್ಛೆರೋಗ) ಇರುವ ಮಕ್ಕಳ ಮನೆಯವರಿಗೆ ಈ ಔಷಧದ ಪರಿಚಯ ಬೇಕಿಲ್ಲ, ನೇರ ಕಾಗದಪತ್ರಕ್ಕೇ ಬರುತ್ತೇನೆ.

ಸೂಟ್‌ಕೇಸಿನ ದಾರಿ ಇರುವುದು 1945ರ ಔಷಧ ನಿಯಮಗಳ 36ನೇ ನಿಯಮದಲ್ಲಿ. ಅಲ್ಲಿರುವುದು ಪ್ರಯಾಣಿಕನ ಸ್ವಂತ ಬಳಕೆಯ ಮಾತು, ಅದೂ ಒಂದೊಂದು ಔಷಧಕ್ಕೆ 100 ಸರಾಸರಿ ಡೋಸ್ ಮೀರದಂತೆ. ಮಗುವಿನ ಔಷಧವನ್ನು ಸೋದರಮಾವ ತಂದರೆ ಅದು ಅವನ ಸ್ವಂತ ಬಳಕೆ ಹೇಗಾಗುತ್ತೆ? ಯಾರೂ ಕೇಳದಿದ್ದರೆ ಸರಿ. ಕೇಳಿದ ದಿನ ಕೈಯಲ್ಲಿ ಉತ್ತರ ಇರುವುದಿಲ್ಲ. ದಿನಕ್ಕೆ ಎರಡು ಡೋಸ್ ಕೊಡುವವರಿಗೆ ನೂರು ಡೋಸ್ ಅಂದರೆ ಐವತ್ತೇ ದಿನ.

ಅದೇ ನಿಯಮದಲ್ಲೇ ಇನ್ನೊಂದು ದಾರಿಯಿದೆ. ಫಾರ್ಮ್ 12-ಎ ಅರ್ಜಿ ಹಾಕಿ ಫಾರ್ಮ್ 12-ಬಿ ಪರವಾನಗಿ ಪಡೆಯುವುದು. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒದ ಸುಗಮ್ ಪೋರ್ಟಲ್‌ನಲ್ಲಿ ಗುರುತಿನ ಪುರಾವೆ, ವಿಳಾಸದ ಪುರಾವೆ, ನೋಂದಾಯಿತ ವೈದ್ಯರ ಚೀಟಿ ಏರಿಸಬೇಕು. ನನ್ನ ಮೊದಲ ಅರ್ಜಿ ವಾಪಸ್ ಬಂತು. ಚೀಟಿಯಲ್ಲಿ 'ಮುಂದುವರಿಸಿ' ಅಂತಷ್ಟೇ ಇತ್ತು, ಒಟ್ಟು ಎಷ್ಟು ಬೇಕೆಂದು ಇರಲಿಲ್ಲ. ಪರವಾನಗಿಗೆ ಆರು ತಿಂಗಳ ಅವಧಿ, ಹಾಗಾಗಿ ಆರು ತಿಂಗಳ ಲೆಕ್ಕವನ್ನೇ ಬರೆಸಿ. ಕಿಲೋಗೆ ದಿನಕ್ಕೆ 50 ಮಿಲಿಗ್ರಾಂ ಎಂದು ನ್ಯೂರಾಲಜಿಸ್ಟ್ ನಿಗದಿ ಮಾಡಿದ್ದರೆ, 20 ಕಿಲೋ ಮಗುವಿಗೆ ದಿನಕ್ಕೆ 1,000. ಅಂದರೆ 500ರ ಸ್ಯಾಶೆ (ಪುಡಿಯ ಪೊಟ್ಟಣ) ಎರಡು, 180 ದಿನಕ್ಕೆ 360, ಅರವತ್ತರ ಡಬ್ಬಿ ಆರು. ಔಷಧದ ಮೂಲ ಹೆಸರು, ಸ್ಯಾಶೆಯೋ ಕ್ಯಾಪ್ಸೂಲೋ, ಎಷ್ಟು ಮಿಲಿಗ್ರಾಂ, ಎಷ್ಟು ಡಬ್ಬಿ, ಎಲ್ಲ ಅದೇ ಚೀಟಿಯಲ್ಲಿರಲಿ.

ಎರಡನೇ ಪೆಟ್ಟು ಹೆಸರಿನದು. ಚೀಟಿ ಮಗುವಿನ ಹೆಸರಲ್ಲಿ, ಪರವಾನಗಿ ನನ್ನ ಹೆಸರಲ್ಲಿ, ಇನ್‌ವಾಯ್ಸ್ ಮತ್ತೆ ಮಗುವಿನ ಹೆಸರಲ್ಲಿ. ಪಾರ್ಸೆಲ್ ನಿಂತಿತು, ಗೋದಾಮಿನ ಬಾಡಿಗೆ ಓಡಿತು. ಈಗ ಇನ್‌ವಾಯ್ಸ್, ಏರ್‌ವೇ ಬಿಲ್ (ವಿಮಾನ ಸಾಗಣೆಯ ರಸೀದಿ), ಪರವಾನಗಿ ಮೂರರಲ್ಲೂ ನನ್ನದೇ ಹೆಸರು, ಅಕ್ಷರವೂ ಆಧಾರ್‌ನಲ್ಲಿ ಇದ್ದಂತೆಯೇ. ಜೊತೆಗೆ ಮಗುವಿನ ಜನನ ಪ್ರಮಾಣಪತ್ರದ ಪ್ರತಿ. ಅರ್ಜಿಯ ಜೊತೆಗಿನ ಪತ್ರದಲ್ಲಿ ನಾನು ಹಾಕುವ ಒಂದು ಸಾಲಿದೆ, ಅದು ನನ್ನಲ್ಲೇ ಇರಲಿ. ಅದು ಸೇರಿದ ಮೇಲೆ ಪರವಾನಗಿ ಹತ್ತು ಹನ್ನೆರಡು ದಿನದಲ್ಲಿ ಬಂದಿದೆ.

ಇನ್ನು ದುಡ್ಡು. ಯುರೋಪಿನ ಬೀದಿಯ ಔಷಧದಂಗಡಿ ನಮ್ಮ ಚೀಟಿಗೆ ಕೊಡಲ್ಲ. ಚೀಟಿಯಲ್ಲಿ ಹೆಸರಿರುವ ರೋಗಿಗೆ ಮಾತ್ರ ಪೂರೈಸುವ ರಫ್ತುದಾರರನ್ನು ಹಿಡಿಯಬೇಕು. ಮೂರು ಕಡೆ ಕೇಳಿದರೆ ಮೂರು ದರ, ಕಡಿಮೆಗೂ ಹೆಚ್ಚಿಗೂ ಒಂದೂವರೆ ಪಟ್ಟು ಅಂತರ. ಸಾಗಣೆ ಸೇರಿಸಿ ಕೇಳಿ, ಡಬ್ಬಿಯ ಮೇಲಿನ ಕೊನೆಯ ದಿನಾಂಕದ ಫೋಟೊ ತರಿಸಿಕೊಳ್ಳಿ, ಆಮೇಲೆ ದುಡ್ಡು ಕಳಿಸಿ. ಸ್ಯಾಶೆ ಮುಗಿದಿದೆ, ಕ್ಯಾಪ್ಸೂಲ್ ಕಳಿಸಲೇ ಅಂತಾರೆ. ಎರಡೂ ರಕ್ತಕ್ಕೆ ಸೇರುವ ರೀತಿ ಒಂದೇ ಅಲ್ಲ, ವೈದ್ಯರನ್ನು ಕೇಳದೆ ಒಪ್ಪಬೇಡಿ. ಕ್ಯಾಪ್ಸೂಲ್ ಬಿಚ್ಚಿ ಕೊಡುವಂತೆಯೂ ಇಲ್ಲ. ಇದರ ಜೊತೆಗೆ ಕೊಡುವ ಇನ್ನೊಂದು ಮೂರ್ಛೆ ಔಷಧ ಕ್ಲೋಬಜಾಮ್ ಕೂಡ ಅದೇ ಪಾರ್ಸೆಲ್‌ನಲ್ಲಿ ಹಾಕುತ್ತೇವೆ ಅಂದರೆ ಕೈ ಮುಗಿದುಬಿಡಿ. ಅದು ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ, ಇಲ್ಲೇ ಸಿಗುತ್ತೆ.

ಅತಿ ದುಬಾರಿ ತಪ್ಪು ಆದದ್ದು 2024ರ ಮೊದಲ ಪಾರ್ಸೆಲ್‌ನಲ್ಲಿ. ಸ್ವಂತ ಬಳಕೆಯ ಔಷಧಕ್ಕೆ ಸುಂಕದ ಕೋಡ್ 98041000, ಆಗ ಮೂಲ ಸುಂಕ 10%, ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) 12%. ಕೊರಿಯರ್‌ನವರು ಅದನ್ನು 98049000 'ಇತರೆ' ಅಂತ ತುಂಬಿದ್ದರು, ಅದಕ್ಕೆ ಆಗ 35% ಮತ್ತು 28%. ಕಟ್ಟಿದ ಮೇಲೆ ವಾಪಸ್ ಪಡೆಯಲು ಅಲೆದಾಡಿದ್ದೇ ಬಂತು. ಈಗ ಕೋಡನ್ನು ಇನ್‌ವಾಯ್ಸ್ ಮೇಲೇ ಅಚ್ಚು ಮಾಡಿಸುತ್ತೇನೆ, ಬಿಲ್ ಆಫ್ ಎಂಟ್ರಿಯ (ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ವಿವರದ) ಕರಡು ನೋಡದೆ ಒಪ್ಪಿಗೆ ಕೊಡಲ್ಲ. ನಿಮ್ಮ ಮಗುವಿನ ರೋಗ 2021ರ ರಾಷ್ಟ್ರೀಯ ಅಪರೂಪದ ರೋಗಗಳ ನೀತಿಯ ಪಟ್ಟಿಯಲ್ಲಿದ್ದರೆ ಅದೃಷ್ಟ. 2023ರ ಏಪ್ರಿಲ್ 1ರಿಂದ ಅಂಥ ಔಷಧಕ್ಕೆ ಮೂಲ ಸುಂಕವೇ ಇಲ್ಲ. ಆದರೆ ಜಿಲ್ಲಾ ಸರ್ಜನ್ ಅಥವಾ ಆರೋಗ್ಯ ನಿರ್ದೇಶಕರ ಪ್ರಮಾಣಪತ್ರ ಪಾರ್ಸೆಲ್ ಬರುವ ಮೊದಲೇ ಕೈಯಲ್ಲಿರಬೇಕು.

ಅಡುಗೆಮನೆಯ ಪ್ರಯೋಗಗಳೂ ಕೆಲವು ಆದವು. ಊಟದ ಜೊತೆ ಕೊಡಬೇಕು, ಹಾಲು-ಮೊಸರು, ಹಣ್ಣಿನ ರಸ, ಸೋಡಾ, ಟೀ-ಕಾಫಿ ಜೊತೆ ಕೂಡದು. ಮೊಸರನ್ನ ಬಿಟ್ಟು ಬೇರೆ ಮುಟ್ಟದ ಮಗುವಿಗೆ ಇದೇ ದೊಡ್ಡ ಯುದ್ಧ. ಕೊನೆಗೆ ಇಡ್ಲಿ, ಸಾರನ್ನ ಗೆದ್ದವು. ಪುಡಿ ನೀರಿನಲ್ಲಿ ಕರಗಲ್ಲ, ಲೋಟದ ತಳದಲ್ಲಿ ಗುಲಾಬಿ ಬಣ್ಣದ ಗಸಿ ನಿಲ್ಲುತ್ತೆ. ಅದನ್ನು ಬಿಟ್ಟರೆ ಡೋಸೇ ಕಡಿಮೆ. 25 ಮಿಲಿ ನೀರು ಹಾಕಿ ಕಲಕಿ ಅದನ್ನೂ ಕುಡಿಸಿ. ಮೊದಲ ವಾರಗಳಲ್ಲಿ ಮಗು ತೂಕಡಿಸಿದರೆ ಹೊಸ ಔಷಧವನ್ನೇ ಬಯ್ಯಬೇಡಿ. ಇದು ರಕ್ತದಲ್ಲಿ ಕ್ಲೋಬಜಾಮ್ ಪ್ರಮಾಣ ಏರಿಸುತ್ತೆ, ವೈದ್ಯರಿಗೆ ಫೋನ್ ಮಾಡಿದರೆ ಅದನ್ನು ಇಳಿಸುತ್ತಾರೆ.

ಎರಡು ಡಬ್ಬಿ ಉಳಿದಾಗಲೇ ಮುಂದಿನ ಚೀಟಿಗೆ ಹೋಗುತ್ತೇನೆ. ಮಗುವನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದ ಮೇಲೇ ಅರ್ಜಿ. ಹಳೆಯ ತೂಕಕ್ಕೆ ಬರೆಸಿದ ಆರು ಡಬ್ಬಿ ಒಮ್ಮೆ ಐದೇ ತಿಂಗಳಿಗೆ ಖಾಲಿಯಾಗಿತ್ತು.