ಚಳಿಗಾಲದ ಚೆಂಡು: ಮೆಲ್ಬರ್ನ್‌ಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ ಫುಟಿ ಕ್ಲಬ್ಬಿನ ಪರಿಚಯ

ಮಾರ್ಚ್ ಬಂತೆಂದರೆ ಮನೆಯ ಹತ್ತಿರದ ಕ್ರಿಕೆಟ್ ಮೈದಾನದ ರೂಪವೇ ಬದಲಾಗುತ್ತದೆ. ಎರಡು ತುದಿಗಳಲ್ಲಿ ನಾಲ್ಕು ನಾಲ್ಕು ಎತ್ತರದ ಕಂಬಗಳು, ಬೇಸಿಗೆಯೆಲ್ಲ ನಮ್ಮ ಮಕ್ಕಳು ಬ್ಯಾಟು ಬೀಸಿದ ಅದೇ ಹುಲ್ಲಿನ ಮೇಲೆ ಮೊಟ್ಟೆಯಾಕಾರದ ಕೆಂಪು ಚೆಂಡು. ಇದು ಆಸ್ಟ್ರೇಲಿಯನ್ ರೂಲ್ಸ್ ಫುಟ್ಬಾಲ್. ಇಲ್ಲಿ ಎಲ್ಲರೂ ಇದನ್ನು ಫುಟಿ ಎನ್ನುತ್ತಾರೆ. ಕ್ರಿಕೆಟ್ಟಿಗೂ ಇದಕ್ಕೂ ಇರುವುದು ಬರೀ ಮೈದಾನದ ನಂಟಲ್ಲ. 1858ರಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ ಪತ್ರಿಕೆಯೊಂದಕ್ಕೆ ಪತ್ರ ಬರೆದು, ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡವಾಗದಿರಲು ಒಂದು ಫುಟ್ಬಾಲ್ ಕ್ಲಬ್ ಬೇಕು ಎಂದರು. ಮರುವರ್ಷ, 1859ರ ಮೇ ತಿಂಗಳಲ್ಲಿ, ಮೆಲ್ಬರ್ನ್‌ನಲ್ಲಿ ಈ ಆಟದ ಮೊದಲ ನಿಯಮಗಳು ಬರಹಕ್ಕಿಳಿದವು. ಕ್ರಿಕೆಟ್ ಆಡುವ ಮಗುವಿಗೆ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಏನು ಮಾಡಿಸುವುದು ಎಂದು ಕೇಳುವ ಪ್ರತಿ ತಂದೆತಾಯಿಗೂ ನಾನು ಮೊದಲು ಹೇಳುವುದು ಈ ಕಥೆಯನ್ನೇ.

ನಾನು ನಗರದ ಪಶ್ಚಿಮ ಭಾಗದಲ್ಲಿ ನಾಲ್ಕು ಚಳಿಗಾಲ ಒಂದು ಕಿರಿಯರ ತಂಡದ ವ್ಯವಸ್ಥಾಪಕಿಯಾಗಿ ಕೆಲಸ ಮಾಡಿದ್ದೇನೆ. ನಮ್ಮ ಕನ್ನಡ ಸಂಘದ ಹೊಸಬರ ಸಭೆಗಳಲ್ಲಿ ಬರುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಸಿಗಲಿ ಎಂದು ಈ ಟಿಪ್ಪಣಿ.

ಆಯ್ಕೆ ಪರೀಕ್ಷೆ ಯಾವಾಗ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಉತ್ತರ: ಇಲ್ಲ. ಬೆಂಗಳೂರಿನ ಕ್ರಿಕೆಟ್ ಅಕಾಡೆಮಿಗಳನ್ನು ಕಂಡು ಬಂದವರಿಗೆ ನಂಬುವುದು ಕಷ್ಟ, ಆದರೆ ಬಡಾವಣೆಯ ಫುಟಿ ಕ್ಲಬ್ ಮಕ್ಕಳನ್ನು ಸೋಸುವುದಿಲ್ಲ, ಹುಡುಕುತ್ತದೆ. ಹನ್ನೆರಡು ವರ್ಷದೊಳಗಿನವರ ತಂಡಕ್ಕೆ ಆಟಗಾರರು ಸಾಲದೆ ಕ್ಲಬ್ಬಿನವರೇ ಶಾಲೆಗಳಿಗೆ ಹೋಗಿ ಆಡಿಸಿ ತೋರಿಸುವುದುಂಟು. ನಿಮ್ಮ ಮಗು ಜೀವಮಾನದಲ್ಲಿ ಈ ಚೆಂಡು ಮುಟ್ಟಿಲ್ಲವೆಂದರೂ ಜಾಗವಿದೆ. ನಾಚಿಕೆಪಡಬೇಡಿ, ದೂರವಾಣಿ ಮಾಡಿ.

ಚಿಕ್ಕವರಿಗೆ ಬಾಗಿಲು ಆಸ್‌ಕಿಕ್. ಐದು ವರ್ಷದ ಆಸುಪಾಸಿನಿಂದ ಪ್ರಾಥಮಿಕ ಶಾಲೆಯ ಮಕ್ಕಳವರೆಗೆ ನಡೆಯುವ ವಾರಕ್ಕೊಂದು ದಿನದ ತರಗತಿ ಇದು. ಒದೆಯುವುದು, ಹಿಡಿಯುವುದು, ಓಡುವುದು, ಸಣ್ಣ ಆಟಗಳು, ಅಷ್ಟೇ. ಪೋಷಕರೂ ಮೈದಾನಕ್ಕಿಳಿದು ನೆರವಾಗಬೇಕು. ಇಂಗ್ಲಿಷಿನಲ್ಲಿ ಇನ್ನೂ ಅಳುಕುವ ತಾಯಂದಿರಿಗೆ, ಅತ್ತೆಮಾವಂದಿರಿಗೆ ಹತ್ತು ಹೊಸ ಮುಖಗಳ ಪರಿಚಯ ಇಲ್ಲೇ ಆಗುತ್ತದೆ. ಆಮೇಲೆ ವಯಸ್ಸಿಗೆ ತಕ್ಕಂತೆ ಕ್ಲಬ್ಬಿನ ಕಿರಿಯರ ತಂಡಗಳು. ಹೆಣ್ಣುಮಕ್ಕಳಿಗೆ ಪ್ರತ್ಯೇಕ ತಂಡಗಳಿವೆ. 2017ರಲ್ಲಿ ಮಹಿಳೆಯರ ರಾಷ್ಟ್ರೀಯ ಲೀಗ್ ಆರಂಭವಾದ ಮೇಲೆ ಅವುಗಳ ಬಲ ಹೆಚ್ಚಿದೆ. ಅಣ್ಣನನ್ನು ಸೇರಿಸಲು ಬಂದವರು ತಂಗಿಯನ್ನೂ ಕೇಳಿನೋಡಿ.

ನೋಂದಣಿ ಪ್ಲೇ ಎಚ್‌ಕ್ಯೂ ಎಂಬ ಜಾಲತಾಣದಲ್ಲಿ ನಡೆಯುತ್ತದೆ. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ತೆರೆದಿರುತ್ತದೆ. ಶುಲ್ಕ ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆ. ರಿಯಾಯಿತಿ ಕಾರ್ಡ್ ಇರುವ ಕುಟುಂಬಗಳಿಗೆ ವಿಕ್ಟೋರಿಯಾ ಸರ್ಕಾರ ಮಕ್ಕಳ ಕ್ರೀಡಾ ಶುಲ್ಕಕ್ಕೆ ವೋಚರ್ ಕೊಡುವುದುಂಟು. ಹಣ ಕಟ್ಟುವ ಮೊದಲು ವಿಚಾರಿಸಿ. ಕೈ ಬಿಗಿಯಾಗಿದ್ದರೆ ಕ್ಲಬ್ಬಿನ ಕಾರ್ಯದರ್ಶಿಗೆ ನೇರವಾಗಿ ಹೇಳಿ. ಕಂತಿನಲ್ಲಿ ಕಟ್ಟಲು ಒಪ್ಪುವ ಕ್ಲಬ್ಬುಗಳು ಎಷ್ಟೋ ಇವೆ.

ಮೊದಲ ಪಂದ್ಯಕ್ಕೆ ಮುಂಚೆ ತಿಳಿದಿರಬೇಕಾದದ್ದು

ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದು ಕಳಿಸಿದರೆ ಗೋಲು, ಆರು ಅಂಕ. ಪಕ್ಕದ ಕಂಬಗಳ ನಡುವೆ ಹೋದರೆ ಒಂದೇ ಅಂಕ. ಚೆಂಡನ್ನು ಎಸೆಯುವಂತಿಲ್ಲ; ಒಂದು ಅಂಗೈಯಲ್ಲಿಟ್ಟು ಇನ್ನೊಂದು ಮುಷ್ಟಿಯಿಂದ ಗುದ್ದಿ ಕೊಡಬೇಕು. ಹಿಡಿದು ಓಡುವವರು ಸುಮಾರು 15 ಮೀಟರಿಗೊಮ್ಮೆ ಚೆಂಡನ್ನು ನೆಲಕ್ಕೆ ಪುಟಿಸಬೇಕು ಇಲ್ಲವೇ ತಾಗಿಸಬೇಕು. 15 ಮೀಟರಿಗಿಂತ ದೂರದಿಂದ ಒದ್ದು ಬಂದ ಚೆಂಡನ್ನು ಶುದ್ಧವಾಗಿ ಹಿಡಿದರೆ ಅದು ಮಾರ್ಕ್: ಆಟ ನಿಲ್ಲುತ್ತದೆ, ಹಿಡಿದವರಿಗೆ ನಿರಾತಂಕವಾಗಿ ಒದೆಯುವ ಹಕ್ಕು. ದೊಡ್ಡವರ ಆಟದಲ್ಲಿ ಮೈದಾನದ ಮೇಲೆ ಒಂದು ಕಡೆಗೆ 18 ಜನ. ಮಕ್ಕಳಿಗೆ ಮೈದಾನವೂ ಚಿಕ್ಕದು, ಆಟಗಾರರೂ ಕಡಿಮೆ, ಮೈಮೇಲೆ ಬಿದ್ದು ಹಿಡಿಯುವುದಕ್ಕೆ ಕಟ್ಟುಪಾಡುಗಳಿವೆ. ತೀರಾ ಕಿರಿಯರ ಪಂದ್ಯಗಳಲ್ಲಿ ಅಂಕಪಟ್ಟಿಯನ್ನೇ ಪ್ರಕಟಿಸುವುದಿಲ್ಲ. “ಯಾರು ಗೆದ್ದರು?” ಎಂದು ಫೋನಿನಲ್ಲಿ ಕೇಳುವ ಊರಿನ ಅಜ್ಜನಿಗೆ ಇದನ್ನು ಮೊದಲೇ ತಿಳಿಸಿಡಿ.

ನನ್ನ ಮಗನ ಮೊದಲ ಪಂದ್ಯದಲ್ಲಿ ನನಗೆ ಕಣ್ಣೀರೇ ಬಂದಿತ್ತು. ಅವನು ಚೆಂಡು ಹಿಡಿದು ಓಡುತ್ತಿದ್ದಾಗ ಎದುರಾಳಿ ಬಂದು ತಬ್ಬಿದ. ಅಂಚಿನಲ್ಲಿ ನಿಂತಿದ್ದ ಜನರೆಲ್ಲ ಒಕ್ಕೊರಲಿನಿಂದ “ಬಾಲ್!” ಎಂದು ಕೂಗಿದರು. ಹೊಸ ಹುಡುಗನನ್ನು ಎಲ್ಲರೂ ಸೇರಿ ಗದರುತ್ತಿದ್ದಾರೆ ಎಂದು ನಾನು ತಿಳಿದೆ. ಹಾಗಲ್ಲ. ಹಿಡಿತಕ್ಕೆ ಸಿಕ್ಕವರು ಚೆಂಡನ್ನು ತಕ್ಷಣ ಸರಿಯಾಗಿ ಬಿಟ್ಟುಕೊಡದಿದ್ದರೆ ತಪ್ಪು, ಅಂಪೈರ್ ಅದನ್ನು ಗಮನಿಸಲಿ ಎಂಬ ಕೂಗು ಅದು. ಈ ದೇಶದ ದೊಡ್ಡ ಕ್ರೀಡಾಂಗಣದಲ್ಲೂ ತೊಂಬತ್ತು ಸಾವಿರ ಜನ ಹೀಗೆಯೇ ಕೂಗುತ್ತಾರೆ. ಮೊದಲ ವಾರ ಯಾರಾದರೂ ಇದನ್ನು ನನಗೆ ಹೇಳಿದ್ದರೆ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಬೇಕಾದ ಸಾಮಾನು ಹೆಚ್ಚಿಲ್ಲ. ಅಚ್ಚಿನಲ್ಲೇ ಬಂದ ಮುಳ್ಳುಗಳಿರುವ ಬೂಟು, ಹಲ್ಲಿನ ರಕ್ಷಣೆಗೆ ಮೌತ್‌ಗಾರ್ಡ್, ವಯಸ್ಸಿಗೆ ತಕ್ಕ ಅಳತೆಯ ಒಂದು ಚೆಂಡು. ಜೂನ್, ಜುಲೈ ತಿಂಗಳ ಬೆಳಗಿನ ಚಳಿಯಲ್ಲಿ ನಿಲ್ಲಲು ನಿಮಗೆ ಬೆಚ್ಚನೆಯ ಕೋಟು.

ನಮ್ಮ ಮಕ್ಕಳು ಏನನ್ನು ತರುತ್ತಾರೆ, ಏನನ್ನು ಕಲಿಯಬೇಕು

ಕ್ರಿಕೆಟ್ ಆಡಿದ ಮಗು ಎತ್ತರದ ಚೆಂಡಿಗೆ ಹೆದರುವುದಿಲ್ಲ. ಅದು ದೊಡ್ಡ ಬಂಡವಾಳ. ಆದರೆ ಕ್ರಿಕೆಟ್ಟಿನಲ್ಲಿ ಚೆಂಡಿನ ಕೆಳಗೆ ನಿಂತು ಅದು ಕೈಗೆ ಬರುವವರೆಗೆ ಕಾಯುತ್ತೇವೆ. ಇಲ್ಲಿ ಕಾದರೆ ಇನ್ನೊಬ್ಬರು ಮುಂದೆ ನುಗ್ಗಿ ಹಿಡಿಯುತ್ತಾರೆ. ಚೆಂಡಿನತ್ತ ಓಡಿ ಹೋಗಬೇಕು, ಚಾಚಿದ ಕೈಗಳಲ್ಲಿ ಹಿಡಿಯಬೇಕು. ನಮ್ಮ ಮಕ್ಕಳಿಗೆ ತರಬೇತುದಾರರು ಮೊದಲ ವರ್ಷ ಹೇಳುವ ಮಾತಿನಲ್ಲಿ ಅರ್ಧ ಇದೇ ಆಗಿರುತ್ತದೆ.

ಎದುರಾಳಿಯನ್ನು ಹಿಡಿಯುವ ವಿಷಯದಲ್ಲಿ ನೀವೇ ಗುರುಗಳಾಗಬಹುದು. ಊರಿನ ಶಾಲೆಯಲ್ಲಿ ಕಬಡ್ಡಿ ಆಡಿದ ತಂದೆಯರು, ತಾಯಂದಿರು ನಮ್ಮಲ್ಲಿ ಬಹಳ ಇದ್ದಾರೆ. ಇಲ್ಲಿ ಭುಜದಿಂದ ಕೆಳಗೆ, ಮೊಣಕಾಲಿನಿಂದ ಮೇಲೆ ಮಾತ್ರ ಹಿಡಿಯಬಹುದು. ಕಾಲು ಹಿಡಿದೆಳೆಯುವ ಕಬಡ್ಡಿಯ ಪಟ್ಟು ಇಲ್ಲಿ ತಪ್ಪು. ಆದರೆ ಮೈಯನ್ನು ತಗ್ಗಿಸಿ, ತಲೆಯನ್ನು ಪಕ್ಕಕ್ಕಿಟ್ಟು, ಎದುರಾಳಿಯ ಓಟವನ್ನು ಅಳೆದು ಹಿಡಿಯುವ ಜಾಣ್ಮೆ ಎರಡರಲ್ಲೂ ಒಂದೇ. ಹಿತ್ತಲಿನ ಹುಲ್ಲಿನ ಮೇಲೆ ಹತ್ತು ನಿಮಿಷ ಮಗುವಿನೊಂದಿಗೆ ಆಡಿ. ಪೆಟ್ಟು ಬೀಳುವ ಭಯ ಮಗುವಿಗಿಂತ ಹೆಚ್ಚಾಗಿ ನಮಗೆ ಇರುವುದು. ಅದೂ ಹಾಗೆಯೇ ಕರಗುತ್ತದೆ.

ಒದೆತಕ್ಕೆ ಅಡ್ಡದಾರಿಯಿಲ್ಲ. ಚೆಂಡನ್ನು ನೇರವಾಗಿ ಹಿಡಿದು, ಕಾಲಿನ ಮೇಲೆ ಸಮನಾಗಿ ಬಿಟ್ಟು, ಹಿಮ್ಮುಖವಾಗಿ ಉರುಳುವಂತೆ ಒದೆಯುವ ಡ್ರಾಪ್ ಪಂಟ್ ಈ ಆಟದ ಅ ಆ ಇ ಈ. ಇದನ್ನು ಎರಡೂ ಕಾಲಿನಲ್ಲಿ ಕಲಿಯಬೇಕು. ಮುಂದೆ ಆಯ್ಕೆದಾರರು ನೋಡುವಾಗ ಒಂದೇ ಕಾಲಿನ ಆಟಗಾರ ಬೇಗ ಸಿಕ್ಕಿಬೀಳುತ್ತಾನೆ. ಬಲಗಾಲಿನವರು ವಾರಕ್ಕೆ ಎರಡು ಸಂಜೆ ಎಡಗಾಲಿನಲ್ಲಿ ಮಾತ್ರ ಒದೆಯಲಿ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. “ಬೆಳೆಯುವ ಸಿರಿ ಮೊಳಕೆಯಲ್ಲಿ” ಎಂದು ನಾವು ನಂಬಿ ಬೆಳೆದವರು. ಫುಟಿಯಲ್ಲಿ ಆ ಮಾತನ್ನು ಪಕ್ಕಕ್ಕಿಡಿ. ಹನ್ನೆರಡನೆಯ ವಯಸ್ಸಿನಲ್ಲಿ ಮೈದಾನವನ್ನೇ ಆಳುವ ಹುಡುಗ ಬಹಳ ಸಲ ಬೇಗ ಎತ್ತರ ಬೆಳೆದವನು, ಅಷ್ಟೇ. ಹದಿನಾರರಲ್ಲಿ ಉಳಿದವರು ಅವನ ಎತ್ತರಕ್ಕೆ ಬಂದಾಗ ಲೆಕ್ಕ ತಲೆಕೆಳಗಾಗುತ್ತದೆ. ಅಷ್ಟು ವರ್ಷ ಸಣ್ಣ ಮೈಯಲ್ಲಿ ಆಡಿ, ಬುದ್ಧಿಯಿಂದ ಜಾಗ ಹುಡುಕಲು ಕಲಿತ ಮಗು ಆಗ ಮುಂದೆ ಬರುತ್ತದೆ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಸಣ್ಣ ಮೈಯವರೇ. ಆದರೆ ಅಷ್ಟರವರೆಗೆ ಅವರು ಆಟದಲ್ಲಿ ಉಳಿದಿರಬೇಕಲ್ಲ! ನಮ್ಮ ಸಂಘದ ಕುಟುಂಬಗಳಲ್ಲಿ ನಾನು ಕಂಡಂತೆ, ಮಕ್ಕಳು ಉತ್ಸಾಹದಿಂದ ಆಸ್‌ಕಿಕ್ ಸೇರುತ್ತಾರೆ, ಹದಿಮೂರಕ್ಕೆ ಬಿಡುತ್ತಾರೆ. ಎಂಟನೆಯ ತರಗತಿಯ ಜೂನ್‌ನಲ್ಲಿ ಬರುವ ಆಯ್ದ ಸರ್ಕಾರಿ ಶಾಲೆಗಳ ಪ್ರವೇಶ ಪರೀಕ್ಷೆ ಸರಿಯಾಗಿ ಋತುವಿನ ನಡುವೆ ಬೀಳುತ್ತದೆ. ವಾರದಲ್ಲಿ ಮೂರು ದಿನ ಟ್ಯೂಷನ್, ಭಾನುವಾರ ಕನ್ನಡ ಶಾಲೆ, ಮೊದಲು ಬೀಳುವುದು ಫುಟಿಯ ತಲೆ. ಪರೀಕ್ಷೆ ಮುಖ್ಯವಲ್ಲ ಎಂದು ನಾನು ಹೇಳಲಾರೆ. ಆದರೆ ಕ್ಲಬ್ಬು ಬಿಡಿಸುವ ಬದಲು ತರಬೇತುದಾರರ ಬಳಿ ಮಾತನಾಡಿ: ಆರು ವಾರ ಒಂದೇ ದಿನದ ಅಭ್ಯಾಸ ಸಾಕೇ, ಎರಡು ಪಂದ್ಯ ತಪ್ಪಿದರೆ ಪರವಾಗಿಲ್ಲವೇ? ಕೇಳಿದವರಿಗೆ ಇಲ್ಲವೆಂದ ತರಬೇತುದಾರರನ್ನು ನಾನು ಕಂಡಿಲ್ಲ. ಕೇಳದೆ ಬಿಟ್ಟುಹೋದವರು ಮರುವರ್ಷ ಮರಳಿ ಬಂದದ್ದನ್ನೂ ಕಂಡಿಲ್ಲ.

ಪ್ರತಿಭೆಯ ದಾರಿ ಹೇಗೆ ಸಾಗುತ್ತದೆ

ಬಡಾವಣೆಯ ಕ್ಲಬ್ಬಿನಲ್ಲಿ ಚೆನ್ನಾಗಿ ಆಡುವ ಹದಿಹರೆಯದವರನ್ನು ಮೊದಲು ಸ್ಥಳೀಯ ಲೀಗಿನ ಪ್ರಾತಿನಿಧಿಕ ತಂಡಕ್ಕೆ ಕರೆಯುತ್ತಾರೆ. ಅದರ ಮೇಲಿನ ಮೆಟ್ಟಿಲು 18 ವರ್ಷದೊಳಗಿನವರ ಕೋಟ್ಸ್ ಟ್ಯಾಲೆಂಟ್ ಲೀಗ್. 1992ರಲ್ಲಿ ಶುರುವಾಗಿ, ಹಿಂದೆ ಟಿಎಸಿ ಕಪ್ ಎನಿಸಿಕೊಂಡಿದ್ದ ಇದರಲ್ಲಿ ಪ್ರತಿ ಪ್ರದೇಶಕ್ಕೊಂದು ತಂಡವಿದೆ: ನಮ್ಮ ಪಶ್ಚಿಮ ಉಪನಗರಗಳಿಗೆ ವೆಸ್ಟರ್ನ್ ಜೆಟ್ಸ್, ಆಗ್ನೇಯಕ್ಕೆ ಡ್ಯಾಂಡಿನಾಂಗ್ ಸ್ಟಿಂಗ್‌ರೇಸ್, ಹೀಗೆ. ಅಲ್ಲಿಂದ ರಾಜ್ಯ ತಂಡ, ರಾಷ್ಟ್ರೀಯ ಚಾಂಪಿಯನ್‌ಶಿಪ್. ಕೊನೆಗೆ ವರ್ಷಾಂತ್ಯದ ಡ್ರಾಫ್ಟ್. ಅಲ್ಲಿ ಎಎಫ್‌ಎಲ್ (ಆಸ್ಟ್ರೇಲಿಯನ್ ಫುಟ್ಬಾಲ್ ಲೀಗ್, ಈ ಆಟದ ಅತ್ಯುನ್ನತ ವೃತ್ತಿಪರ ಲೀಗ್) ಕ್ಲಬ್ಬುಗಳು ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಹಿಂದಿನ ಋತುವಿನಲ್ಲಿ ಕಡೆಯಲ್ಲಿದ್ದವರಿಗೆ ಮೊದಲ ಸರದಿ. ಹುಡುಗನಿಗೆ ಆ ವರ್ಷ ಮುಗಿಯುವುದರೊಳಗೆ 18 ತುಂಬಿರಬೇಕು. ಇಡೀ ದೇಶದಿಂದ ಹೀಗೆ ಆಯ್ಕೆಯಾಗುವವರು ವರ್ಷಕ್ಕೆ ನೂರಕ್ಕಿಂತ ಕಡಿಮೆ. ಈ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಿ.

ಹೊಸಬರಲ್ಲಿ ಹಲವರಿಗೆ ತಿಳಿಯದ ಒಂದು ಬಾಗಿಲಿದೆ. 2016ರಿಂದ ಎಎಫ್‌ಎಲ್ ಕ್ಲಬ್ಬುಗಳು ತಮ್ಮ ತಮ್ಮ ವಲಯಗಳಲ್ಲಿ ನೆಕ್ಸ್ಟ್ ಜನರೇಷನ್ ಅಕಾಡೆಮಿಗಳನ್ನು ನಡೆಸುತ್ತಿವೆ. ಇವು ಇರುವುದು ಮೂಲನಿವಾಸಿ ಸಮುದಾಯಗಳ ಮತ್ತು ವಲಸಿಗ ಕುಟುಂಬಗಳ ಮಕ್ಕಳಿಗಾಗಿ. ತಂದೆತಾಯಿಯರಲ್ಲಿ ಒಬ್ಬರಾದರೂ ಆಫ್ರಿಕಾ ಅಥವಾ ಏಷ್ಯಾದಲ್ಲಿ ಹುಟ್ಟಿದ್ದರೆ ಮಗು ಅರ್ಹವಾಗುತ್ತದೆ. ನೀವು ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಹುಟ್ಟಿದವರಾದರೆ ನಿಮ್ಮ ಮಕ್ಕಳಿಗೆ ಇದು ಅನ್ವಯಿಸುತ್ತದೆ ಎಂದಾಯಿತು. ನಿಮ್ಮ ಉಪನಗರ ಯಾವ ಕ್ಲಬ್ಬಿನ ವಲಯಕ್ಕೆ ಸೇರುತ್ತದೆ, ಯಾವ ವಯಸ್ಸಿನಿಂದ ತೆಗೆದುಕೊಳ್ಳುತ್ತಾರೆ ಎಂದು ಬಡಾವಣೆಯ ಕ್ಲಬ್ಬಿನಲ್ಲೇ ಕೇಳಿ. ದಕ್ಷಿಣ ಸುಡಾನ್ ಮೂಲದ ಕುಟುಂಬದಲ್ಲಿ ಈಜಿಪ್ಟಿನಲ್ಲಿ ಹುಟ್ಟಿದ ಮ್ಯಾಕ್ ಆಂಡ್ರ್ಯೂ ಮೆಲ್ಬರ್ನ್ ಕ್ಲಬ್ಬಿನ ಇಂಥ ಅಕಾಡೆಮಿಯಿಂದ ಬಂದವರು. 2021ರ ಡ್ರಾಫ್ಟಿನಲ್ಲಿ ಗೋಲ್ಡ್ ಕೋಸ್ಟ್ ಕ್ಲಬ್ ಅವರನ್ನು ಐದನೆಯವರಾಗಿ ಆರಿಸಿಕೊಂಡಿತು. ಭಾರತದ ನಂಟಿರುವವರೂ ಈ ಆಟದಲ್ಲಿ ಇಲ್ಲದಿಲ್ಲ. 2006ರಲ್ಲಿ ಪ್ರಶಸ್ತಿ ಗೆದ್ದ ವೆಸ್ಟ್ ಕೋಸ್ಟ್ ತಂಡದ ಡೇನಿಯಲ್ ಕೆರ್ ಆಂಗ್ಲೋ-ಇಂಡಿಯನ್ ಮೂಲದವರು.

ತಡವಾಗಿ ಶುರುಮಾಡಿದವರಿಗೂ ದಾರಿ ಮುಚ್ಚಿಲ್ಲ. ಜೀಲಾಂಗ್ ತಂಡದ ಮಾರ್ಕ್ ಬ್ಲಿಚಾವ್ಸ್ ಮೊದಲು ಸ್ಟೀಪಲ್‌ಚೇಸ್ ಓಟಗಾರರಾಗಿದ್ದರು. ಬೇರೆ ಕ್ರೀಡೆಗಳಿಂದ ಬರುವವರಿಗಾಗಿ ಇರುವ ನಿಯಮದಡಿ ಅವರು ಕ್ಲಬ್ಬಿಗೆ ಸೇರಿದರು.

ಒಂದು ಎಚ್ಚರಿಕೆ. “ನಿಮ್ಮ ಮಗನನ್ನು ಡ್ರಾಫ್ಟಿಗೆ ತಯಾರು ಮಾಡುತ್ತೇವೆ” ಎಂದು ದೊಡ್ಡ ಮೊತ್ತ ಕೇಳುವ ಖಾಸಗಿ ತರಬೇತಿಯವರು ಬರುತ್ತಾರೆ. ಅಂಥವರೊಬ್ಬರಿಗೆ ನಾವೂ ಒಂದು ಚಳಿಗಾಲ ಹಣ ಕಟ್ಟಿದೆವು. ಮಗ ಅಲ್ಲಿ ಕಲಿತದ್ದೆಲ್ಲ ಕ್ಲಬ್ಬಿನ ಮಂಗಳವಾರದ ಅಭ್ಯಾಸದಲ್ಲಿ ಸಿಗುತ್ತಿದ್ದದ್ದೇ. ಆಯ್ಕೆದಾರರು ಪಂದ್ಯ ನೋಡಿ ಆರಿಸುತ್ತಾರೆ. ಅವರ ಕಣ್ಣಿಗೆ ಬೀಳಿಸುತ್ತೇನೆಂದು ಹಣ ಕೇಳುವವರನ್ನು ನಂಬಬೇಡಿ.

ಪೆಟ್ಟು ಬಿದ್ದರೆ

ತಲೆಗೆ ಪೆಟ್ಟಾಗಿ ಮಂಕು, ವಾಕರಿಕೆ, ತಲೆಸುತ್ತು ಕಂಡರೆ ಆ ದಿನ ಆಟ ಮುಗಿಯಿತು. ವೈದ್ಯರಿಗೆ ತೋರಿಸಿ. ಈಗಿನ ಮಾರ್ಗಸೂಚಿಯಂತೆ ಸಮುದಾಯ ಮಟ್ಟದ ಆಟಗಾರರು ಕನಿಷ್ಠ 21 ದಿನ ಪಂದ್ಯಕ್ಕೆ ಮರಳುವಂತಿಲ್ಲ. ಫೈನಲ್ ಇದ್ದರೂ ಇಲ್ಲ, ಮಗು ಅತ್ತರೂ ಇಲ್ಲ. ಮೆತ್ತನೆಯ ಹೆಲ್ಮೆಟ್ ಹಾಕಿಸಿದರೆ ಮೆದುಳಿನ ಪೆಟ್ಟು ತಪ್ಪುತ್ತದೆ ಎಂಬ ನಂಬಿಕೆ ನಮ್ಮವರಲ್ಲಿದೆ. ಅದು ತಪ್ಪಿಸುವುದಿಲ್ಲ. ಹೆಣ್ಣುಮಕ್ಕಳಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿಯುವ ಅಪಾಯ ಹೆಚ್ಚು. ಅದಕ್ಕಾಗಿಯೇ ಎಎಫ್‌ಎಲ್ ರೂಪಿಸಿದ ಪ್ರೆಪ್ ಟು ಪ್ಲೇ ಎಂಬ ವ್ಯಾಯಾಮಕ್ರಮವನ್ನು ನಿಮ್ಮ ಮಗಳ ತಂಡ ಮಾಡಿಸುತ್ತಿದೆಯೇ ಎಂದು ವಿಚಾರಿಸಿ. ಮಾಡಿಸದಿದ್ದರೆ ಒತ್ತಾಯಿಸಿ.

ನಿಮ್ಮ ಪಾಲಿನ ಕೆಲಸ

ಕಾರಿನಲ್ಲಿ ಕುಳಿತು ಫೋನು ನೋಡುವ ಪೋಷಕರಾಗಬೇಡಿ. ಕ್ಲಬ್ಬು ನಡೆಯುವುದು ಸ್ವಯಂಸೇವಕರಿಂದ. ಗೋಲು ಕಂಬದ ಬಳಿ ನಿಂತು ಬಾವುಟ ಬೀಸುವುದು, ಗಡಿಯಾರ ನೋಡುವುದು, ನೀರು ಒಯ್ಯುವುದು, ವಿರಾಮಕ್ಕೆ ಕಿತ್ತಳೆ ಹೋಳು ಕತ್ತರಿಸಿ ತರುವುದು, ಇವಕ್ಕೆಲ್ಲ ಜನ ಬೇಕು. ಮಕ್ಕಳೊಂದಿಗೆ ಕೆಲಸ ಮಾಡುವವರಿಗೆ ಬೇಕಾದ ಸರ್ಕಾರಿ ತಪಾಸಣಾ ಪತ್ರ ವಿಕ್ಟೋರಿಯಾದಲ್ಲಿ ಸ್ವಯಂಸೇವಕರಿಗೆ ಉಚಿತ. ಬಂದ ಹೊಸದರಲ್ಲೇ ಮಾಡಿಸಿಟ್ಟುಕೊಳ್ಳಿ. ಕ್ಯಾಂಟೀನಿನಲ್ಲಿ ಹೆಚ್ಚಾಗಿ ಸಾಸೇಜ್ ಇರುತ್ತದೆ. ಸಸ್ಯಾಹಾರಿಗಳು ಮೊದಲೇ ತಿಳಿಸಿದರೆ ಬೇರೆ ಏರ್ಪಾಡು ಮಾಡುತ್ತಾರೆ. ನಮ್ಮ ತಂಡದಲ್ಲಿ ಒಮ್ಮೆ ತಂದ ಚಿತ್ರಾನ್ನದ ಡಬ್ಬಿ ಈಗ ಪ್ರತಿ ವರ್ಷದ ಕಡೆಯ ಪಂದ್ಯಕ್ಕೆ ಬೇಡಿಕೆಯ ಮೇಲೆ ಬರುತ್ತದೆ.

ಫೈನಲ್ ಪಂದ್ಯಗಳು ಆಗಸ್ಟ್ ಕೊನೆಯ ವಾರಗಳಲ್ಲಿ ಬಂದು ಕೆಲವು ವರ್ಷ ಗಣೇಶನ ಹಬ್ಬಕ್ಕೆ ತಾಗುತ್ತವೆ. ತಂಡದ ವೇಳಾಪಟ್ಟಿ ಬಂದ ಕೂಡಲೇ ಪಂಚಾಂಗದೊಂದಿಗೆ ಹೋಲಿಸಿ, ಬರಲಾಗದ ದಿನವನ್ನು ವ್ಯವಸ್ಥಾಪಕರಿಗೆ ತಿಳಿಸಿಬಿಡಿ. ಮಗುವಿನ ಹೆಸರನ್ನು ಸರಿಯಾಗಿ ಹೇಳಲು ಮೊದಲ ದಿನವೇ ಕಲಿಸಿ. ಎರಡು ಸಲ ಹೇಳಿಕೊಟ್ಟರೆ ಕಲಿಯುತ್ತಾರೆ.

ಬೂಟುಗಳ ವಿಷಯ ಮರೆತಿದ್ದೆ. ಮಕ್ಕಳ ಪಾದ ಬಹಳ ಬೇಗ ಬೆಳೆಯುತ್ತದೆ. ಸಂಘದ ಯುಗಾದಿ ಕಾರ್ಯಕ್ರಮದ ದಿನ ಸಭಾಂಗಣದ ಬಾಗಿಲ ಬಳಿ ಒಂದು ಪೆಟ್ಟಿಗೆ ಇಡುತ್ತೇವೆ. ಚಿಕ್ಕದಾದದ್ದನ್ನು ತೊಳೆದು, ಲೇಸು ಕಟ್ಟಿ ಅದರಲ್ಲಿ ಹಾಕಿ, ನಿಮ್ಮ ಮಗುವಿಗೆ ಹೊಂದುವುದನ್ನು ತೆಗೆದುಕೊಂಡು ಹೋಗಿ. ಹಾಕಲು ಏನೂ ಇಲ್ಲದ ಮೊದಲ ವರ್ಷದವರು ಬರೀ ತೆಗೆದುಕೊಂಡು ಹೋದರೆ ಸಾಕು.