ಬಳ್ಳಾರಿಯ ಕೋಣೆಯಿಂದ ನ್ಯೂರ್ಬರ್ಗ್‌ರಿಂಗ್‌ನ ರಾತ್ರಿಗೆ

ಮನೆಯಲ್ಲೇ ಕುಳಿತು ಕಾರು ಓಡಿಸುವ ಐರೇಸಿಂಗ್ ಎಂಬ ಆನ್‌ಲೈನ್ ಕಂಪ್ಯೂಟರ್ ಆಟದಲ್ಲಿ, ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕಿನ ಮೇಲೆ ಪ್ರತಿವರ್ಷ ನಡೆಯುವ 24 ಗಂಟೆಗಳ ತಂಡ ಸ್ಪರ್ಧೆಯಲ್ಲಿ ಮೇ ತಿಂಗಳ ಒಂದು ಶನಿವಾರ ನಾನೂ ಭಾಗವಹಿಸಿದ್ದೆ. ನಾವು ಆರಿಸಿಕೊಂಡ ಆರಂಭದ ವೇಳೆ ಗ್ರೀನಿಚ್ ಸಮಯ ಮಧ್ಯಾಹ್ನ 12 ಗಂಟೆ, ಅಂದರೆ ನಮ್ಮಲ್ಲಿ ಸಂಜೆ ಐದೂವರೆ. ನಾಲ್ವರ ತಂಡದಲ್ಲಿ ನಾನು ಬಳ್ಳಾರಿಯವನು, ಒಬ್ಬ ಹೊಸಪೇಟೆಯವನು, ಒಬ್ಬ ಹುಬ್ಬಳ್ಳಿಯವನು, ಇನ್ನೊಬ್ಬ ಉದ್ಯೋಗದ ನಿಮಿತ್ತ ನೆದರ್‌ಲ್ಯಾಂಡ್ಸ್‌ನಲ್ಲಿ ನೆಲೆಸಿರುವ ಧಾರವಾಡದ ಗೆಳೆಯ. ಹಗಲಿನ ಓಟದ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಅದು ಅಭ್ಯಾಸ ಮಾಡಿದಂತೆಯೇ ಸಾಗಿತು. ನಾನು ಬರೆಯಹೊರಟಿರುವುದು ರಾತ್ರಿಯ ಬಗ್ಗೆ, ಏಕೆಂದರೆ ನನ್ನ ಪಾಲಿಗೆ ಬಂದದ್ದು ಬಹುತೇಕ ಅದೇ.

ಮೊದಲು ಟ್ರ್ಯಾಕಿನ ಬಗ್ಗೆ ನಾಲ್ಕು ಮಾತು. ದೆಹಲಿ ಸಮೀಪದ ಬುದ್ಧ ಸರ್ಕಿಟ್‌ನ ಒಂದು ಸುತ್ತು 5.125 ಕಿ.ಮೀ.; 24 ಗಂಟೆಗಳ ಓಟಕ್ಕೆ ಬಳಸುವ ನ್ಯೂರ್ಬರ್ಗ್‌ರಿಂಗ್‌ನ ಸುತ್ತು 25.378 ಕಿ.ಮೀ. ಇದರಲ್ಲಿ 1927ರಲ್ಲಿ ತೆರೆದ ಹಳೆಯ ನಾರ್ಡ್‌ಶ್ಲೈಫೆಯ ಪಾಲೇ 20.832 ಕಿ.ಮೀ.; ಕಾಡಿನ ನಡುವೆ ಸುಮಾರು 300 ಮೀಟರ್ ಏರಿಳಿಯುವ, 70ಕ್ಕೂ ಹೆಚ್ಚು ತಿರುವುಗಳಿರುವ ಈ ದಾರಿಯಲ್ಲಿ ತಪ್ಪಿದರೆ ಕಾರು ನಿಲ್ಲಿಸಿಕೊಳ್ಳಲು ಹೆಚ್ಚಿನ ಕಡೆ ಬಯಲೆಂಬುದೇ ಇಲ್ಲ, ಕಿರಿದಾದ ಹುಲ್ಲಿನ ಅಂಚು ದಾಟಿದರೆ ತಡೆಬೇಲಿ. ಐರೇಸಿಂಗ್ 2015ರ ಕೊನೆಯಲ್ಲಿ ಈ ಟ್ರ್ಯಾಕನ್ನು ಲೇಸರ್ ಸ್ಕ್ಯಾನ್ ಮಾಡಿ ತಂದಿದ್ದರಿಂದ ರಸ್ತೆಯ ಉಬ್ಬುತಗ್ಗುಗಳು ಸ್ಟೀರಿಂಗ್ ಮೂಲಕ ಕೈಗೆ ತಿಳಿಯುತ್ತವೆ. ಆ ರಾತ್ರಿ ನನ್ನನ್ನು ಕಾಪಾಡಿದ್ದು ಮುಖ್ಯವಾಗಿ ಈ ಉಬ್ಬುತಗ್ಗುಗಳೇ.

ನನ್ನ ಸಲಕರಣೆ ಸಾಧಾರಣವಾದದ್ದು. ಮೋಜಾ ಆರ್5 ಎಂಬ 5.5 ನ್ಯೂಟನ್ ಮೀಟರ್ ತಿರುಗುಬಲದ, ಮೋಟರಿಗೇ ನೇರವಾಗಿ ಜೋಡಿಸಿದ ಡೈರೆಕ್ಟ್ ಡ್ರೈವ್ ಸ್ಟೀರಿಂಗ್, ಒತ್ತಡವನ್ನು ಅಳೆಯುವ ಲೋಡ್ ಸೆಲ್ ಬ್ರೇಕ್ ಪೆಡಲ್ ಮತ್ತು ಒಂದೇ ಒಂದು ಮಾನಿಟರ್. ಚೌಕಟ್ಟನ್ನು ಮಾತ್ರ ಕೊಂಡುಕೊಳ್ಳಲಿಲ್ಲ. ಲಾರಿಗಳ ಬಾಡಿ ಕಟ್ಟುವ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಆಂಗಲ್ ಕಬ್ಬಿಣದಿಂದ ಮಾಡಿಸಿ, ಗುಜರಿಯಲ್ಲಿ ಸಿಕ್ಕ ಹಳೆಯ ಕಾರಿನ ಸೀಟನ್ನು ಅದಕ್ಕೆ ಬೋಲ್ಟ್ ಹಾಕಿಸಿದೆ. ಅಲ್ಲಿನ ಮೇಸ್ತ್ರಿಗೆ ಇದು ಏನೆಂದು ಕೊನೆಗೂ ಅರ್ಥವಾಗಲಿಲ್ಲ, ಆದರೆ ಅದಿರು ಲಾರಿಯ ಲೆಕ್ಕದಲ್ಲಿ ಬೆಸೆದುಕೊಟ್ಟ ಆ ಚೌಕಟ್ಟು ಎಷ್ಟೇ ಬಲವಾಗಿ ಬ್ರೇಕ್ ತುಳಿದರೂ ಕೂದಲೆಳೆಯಷ್ಟೂ ಬಾಗುವುದಿಲ್ಲ.

ಪಾಳಿ ಹಂಚಿಕೊಳ್ಳುವಾಗ ನಿಯಮವನ್ನು ಮರೆಯುವಂತಿರಲಿಲ್ಲ. ಸಮಪಾಲಿನ ಕಾಲು ಭಾಗವನ್ನಾದರೂ ಪ್ರತಿಯೊಬ್ಬನೂ ಓಡಿಸಲೇಬೇಕು. ಒಟ್ಟು 160 ಸುತ್ತು ಎಂದು ಹಿಡಿದರೆ ತಲಾ 40, ಅದರ ಕಾಲು ಭಾಗ 10. ಜಿಟಿ3 ಎಂಬ ವೇಗದ ವರ್ಗಕ್ಕೆ ಸೇರಿದ ನಮ್ಮ ಬಿಎಂಡಬ್ಲ್ಯು ಎಂ4 ಕಾರು ತುಂಬಿದ ಟ್ಯಾಂಕಿಗೆ ಎಂಟು ಸುತ್ತು ಓಡುತ್ತಿತ್ತು. ಸುತ್ತಿಗೆ ನಮ್ಮ ವೇಗದಲ್ಲಿ ಎಂಟು ನಿಮಿಷ ಇಪ್ಪತ್ತೈದು ಸೆಕೆಂಡು ಆಚೀಚೆ, ಹಾಗಾಗಿ ಒಂದು ಸ್ಟಿಂಟ್, ಅಂದರೆ ಒಂದು ಟ್ಯಾಂಕ್ ಇಂಧನ ಮುಗಿಯುವವರೆಗಿನ ಓಟ, ಎಂದರೆ ಒಂದು ಗಂಟೆ ಎಂಟು ನಿಮಿಷದಷ್ಟು. ನೆದರ್‌ಲ್ಯಾಂಡ್ಸ್ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದಿರುವುದರಿಂದ ಅಲ್ಲಿನ ಗೆಳೆಯನಿಗೆ ನಮ್ಮ ನಡುರಾತ್ರಿಯನ್ನು ಕೊಟ್ಟೆವು. ಅವನಿಗೆ ಆಗ ಊಟದ ಹೊತ್ತಷ್ಟೇ. ಬೆಳಗಿನ ಜಾವದ ಎರಡು ಸ್ಟಿಂಟ್ ನನ್ನ ಪಾಲಿಗೆ ಉಳಿಯಿತು. ಏಳು ಗಂಟೆಗೆ ಎರಡು ಜೋಳದ ರೊಟ್ಟಿ ತಿಂದು ಎಂಟಕ್ಕೆ ಮಲಗಿ, ಮೂರು ಗಂಟೆಗೆ ಎದ್ದು ಸ್ನಾನ ಮಾಡಿದೆ. ಈ ಕ್ರೀಡೆಯಲ್ಲಿ ರಾತ್ರಿಯಿಡೀ ಎಚ್ಚರವಿರುವುದೇ ಶೌರ್ಯವೆಂದು ತಿಳಿದವರು ಅನೇಕರಿದ್ದಾರೆ, ಆದರೆ ನಾನು ನೋಡಿದ ಹೆಚ್ಚಿನ ಅಪಘಾತಗಳು ಅಂಥವರವೇ.

ಬಳ್ಳಾರಿಯ ಮೇ ತಿಂಗಳ ಸೆಖೆಯನ್ನು ಬಲ್ಲವರಿಗೆ ಮಹಡಿಯ ಆರ್‌ಸಿಸಿ ಕೋಣೆ ರಾತ್ರಿ ಎರಡು ಗಂಟೆಗೂ ಕಾವು ಉಗುಳುತ್ತದೆಂದು ಹೇಳಬೇಕಾಗಿಲ್ಲ. ಕೂಲರ್ ಹಚ್ಚಿದರೆ ಅದರ ಸದ್ದು ಮೈಕಿನಲ್ಲಿ ಹೊಕ್ಕು ಉಳಿದ ಮೂವರ ಕಿವಿ ಕೆಡಿಸುತ್ತದೆ. ಆದ್ದರಿಂದ ಸ್ಟೀರಿಂಗ್‌ನ ಒಂದು ಗುಂಡಿ ಒತ್ತಿದಾಗ ಮಾತ್ರ ಮೈಕ್ ತೆರೆಯುವಂತೆ ಮಾಡಿಕೊಂಡೆ. ಉಪ್ಪು ಹಾಕಿದ ನೀರುಮಜ್ಜಿಗೆಯನ್ನು ಬಾಟಲಿಗೆ ತುಂಬಿ, ಉದ್ದನೆಯ ಪೈಪೊಂದನ್ನು ಸೀಟಿನ ಪಕ್ಕದಿಂದ ಬಾಯಿಯ ಹತ್ತಿರಕ್ಕೆ ಕಟ್ಟಿದ್ದೆ. ಕುಡಿಯುವುದಕ್ಕೂ ಮಾತನಾಡುವುದಕ್ಕೂ ಇಡೀ ಸುತ್ತಿನಲ್ಲಿ ಇದ್ದದ್ದು ಒಂದೇ ಜಾಗ: ಡೋಟಿಂಗರ್ ಹೋಹೆ ಎಂಬ, ಎರಡು ಕಿ.ಮೀ.ಗೂ ಉದ್ದನೆಯ ನೇರ ರಸ್ತೆ. ಅಲ್ಲಿ ಸಿಗುವ ಅರ್ಧ ನಿಮಿಷದಲ್ಲಿ ಎರಡು ಗುಟುಕು ಮಜ್ಜಿಗೆ, ಇಂಧನದ ಲೆಕ್ಕ ಮತ್ತು ಬೆರಳುಗಳ ಬಿಗಿ ಸಡಿಲಿಸುವುದು, ಮೂರೂ ಮುಗಿಯಬೇಕು.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಹುಬ್ಬಳ್ಳಿಯವನಿಂದ ಕಾರು ನನ್ನ ಕೈಗೆ ಬಂದಿತು. ರಾತ್ರಿಯ ತಂಪಿಗೆ ಗಾಳಿ ಸಾಂದ್ರವಾಗಿ ಎಂಜಿನ್ ಚುರುಕಾಗುತ್ತದೆ, ರಸ್ತೆ ತಣ್ಣಗಾಗಿ ಟೈರಿನ ಹಿಡಿತವೂ ಹೆಚ್ಚುತ್ತದೆ. ಹಗಲಿಗಿಂತ ರಾತ್ರಿಯೇ ಕಾರು ವೇಗವಾಗಿರುತ್ತದೆ ಎಂಬುದು ಹೊಸಬರಿಗೆ ಆಶ್ಚರ್ಯ. ಆದರೆ ಆ ಹಿಡಿತ ಬರುವುದು ಟೈರುಗಳು ಬಿಸಿಯಾದ ಮೇಲೆ, ಮೊದಲ ಸುತ್ತಿನ ಅರ್ಧದವರೆಗೂ ಅವು ಹಸಿ ಹಲಗೆಯಂತೆ ಜಾರುತ್ತವೆ. ಹಗಲಿನಲ್ಲಿ ನಾನು ಬ್ರೇಕ್ ಹಿಡಿಯುತ್ತಿದ್ದುದು ಫಲಕ, ಮರದ ನೆರಳು, ದೂರದ ಬೇಲಿಯ ಗುರುತಿನ ಮೇಲೆ, ರಾತ್ರಿ ಇವೆಲ್ಲ ಇಲ್ಲವಾಗುತ್ತವೆ. ಹೆಡ್‌ಲೈಟಿನ ಬೆಳಕು ಬೀಳುವ ಜಾಗದಲ್ಲಿ ಉಳಿಯುವುದು ರಸ್ತೆಯ ಅಂಚಿನ ಪಟ್ಟೆ, ಡಾಂಬರಿನ ತೇಪೆ ಮತ್ತು ನಾರ್ಡ್‌ಶ್ಲೈಫೆಯ ಪ್ರೇಕ್ಷಕರು ರಸ್ತೆಯ ಮೇಲೆ ಬಣ್ಣದಲ್ಲಿ ಬರೆದ ಬರಹಗಳು ಅಷ್ಟೇ. ಅಭ್ಯಾಸದ ವಾರಗಳಲ್ಲಿ ನಾನು ಹೊಸ ಗುರುತುಗಳನ್ನೆಲ್ಲ ನೆಲದ ಮೇಲೆಯೇ ಹುಡುಕಿಟ್ಟುಕೊಂಡಿದ್ದೆ, ಅವೂ ಕಾಣದ ಕಡೆ ಎಣಿಕೆ.

ಎಣಿಕೆ ಎಂದರೇನೆಂದು ಒಂದು ಜಾಗವನ್ನು ಹಿಡಿದು ಹೇಳುತ್ತೇನೆ. ಫುಕ್ಸ್‌ರೋರೆ ಎಂಬಲ್ಲಿ ರಸ್ತೆ ಕಾಡಿನೊಳಗೆ ಬಾವಿಗೆ ಇಳಿದಂತೆ ಇಳಿಯುತ್ತದೆ. ಪೂರ್ತಿ ವೇಗದಲ್ಲಿ ತಳ ಮುಟ್ಟಿದಾಗ ಕಾರು ಒಮ್ಮೆ ಕುಗ್ಗಿ ಸ್ಟೀರಿಂಗ್ ಭಾರವಾಗುತ್ತದೆ, ಮರುಕ್ಷಣವೇ ಏರು, ಏರಿನ ಕೊನೆಗೆ ಆಡೆನಾವರ್ ಫಾರ್ಸ್ಟ್ ಎಂಬ ಎಡ-ಬಲ ತಿರುವು. ಕತ್ತಲಲ್ಲಿ ಆ ತಿರುವು ಕಾಣುವ ಹೊತ್ತಿಗೆ ಬ್ರೇಕ್ ಹಿಡಿಯುವ ಕಾಲ ಮೀರಿರುತ್ತದೆ, ಮುಂದೆ ಇರುವುದು ಹುಲ್ಲು. ಆದ್ದರಿಂದ ಸ್ಟೀರಿಂಗ್ ಭಾರವಾದ ಕ್ಷಣದಿಂದ ಬಾಯಲ್ಲಿ 'ಒಂದು, ಎರಡು' ಎಂದು ಎಣಿಸಿ, 'ಮೂರು' ಎನ್ನುವಷ್ಟರಲ್ಲಿ ಕಣ್ಣಿಗೆ ಏನು ಕಂಡರೂ ಕಾಣದಿದ್ದರೂ ಬ್ರೇಕ್ ತುಳಿಯುತ್ತಿದ್ದೆ. ಕರುಸೆಲ್ ಎಂಬ ತಿರುವಿನ ಕಾಂಕ್ರೀಟ್ ಹಳ್ಳಕ್ಕಾದರೆ ಎಣಿಕೆಯೂ ಬೇಡ, ಚಪ್ಪಡಿಗಳ ಕಟಕಟ ಅಂಗೈಗೆ ತಾಗಿದರೆ ಒಳಗಿದ್ದೇವೆ ಎಂದರ್ಥ.

ಇನ್ನೊಂದು ಕಷ್ಟ ಬೇರೆ ವರ್ಗದ ಕಾರುಗಳದ್ದು. ಜಿಟಿ4, ಟಿಸಿಆರ್ ಕಾರುಗಳು ನಮಗಿಂತ ನಿಧಾನ. ಅವುಗಳ ಹಿಂಬದಿಯ ಕೆಂಪು ದೀಪ ನೂರು ಮೀಟರ್ ದೂರದಲ್ಲಿದೆಯೋ ಮೂವತ್ತು ಮೀಟರ್ ದೂರದಲ್ಲಿದೆಯೋ ಎಂದು ಕಣ್ಣು ಹೇಳಲಾರದು. ನಾನು ದೀಪವನ್ನು ನಂಬುವುದನ್ನು ಬಿಟ್ಟು, ಎರಡು ಕಾರುಗಳ ನಡುವಿನ ಅಂತರವನ್ನು ಸೆಕೆಂಡುಗಳಲ್ಲಿ ತೋರಿಸುವ ಪಟ್ಟಿಯನ್ನು ನಂಬಿದೆ. ಹಿಂದಿನಿಂದ ಬರುವ ವೇಗದ ಜಿಟಿ3 ಕಾರುಗಳು ಹೆಡ್‌ಲೈಟ್ ಮಿಟುಕಿಸಿದಾಗ ಕನ್ನಡಿಯೇ ಬೆಳ್ಳಗಾಗಿ ಮುಂದಿನ ರಸ್ತೆ ಕಾಣದಾಗುತ್ತಿತ್ತು. ಅದಕ್ಕೆ ನನಗೆ ನೆರವಾದದ್ದು ಸಂಡೂರಿನಿಂದ ಅದಿರು ಸಾಗಿಸುತ್ತಿದ್ದ ನನ್ನ ಸೋದರಮಾವನ ಮಾತು. ನಾನು ಬೈಕ್ ಕಲಿತ ಹೊಸತರಲ್ಲಿ ಅವರು, 'ಲೈಟ್ ಕಡಿ ನೋಡಬ್ಯಾಡ ಅಳಿಯಾ, ರೋಡಿನ ಅಂಚು ನೋಡು, ಲೈಟ್ ತಾನೇ ದಾಟಿ ಹೊಕ್ಕೈತಿ' ಎಂದಿದ್ದರು. ಕನ್ನಡಿ ಬೆಳಗಿದಾಗಲೆಲ್ಲ ನಾನು ಬಿಳಿ ಗೆರೆಯನ್ನೇ ನೋಡುತ್ತಾ ನನ್ನ ಸಾಲು ಬದಲಿಸದೆ ನಡೆದೆ. ಪಕ್ಕಕ್ಕೆ ಸರಿದು ದಾರಿ ಬಿಡಬೇಕೆಂಬ ಸೌಜನ್ಯವೇ ಇಲ್ಲಿ ಅಪಾಯಕಾರಿ, ದಾಟುವುದು ಹಿಂದಿನವನ ಹೊಣೆ.

ನಾಲ್ಕೂ ನಲವತ್ತರ ಹೊತ್ತಿಗೆ, ನನ್ನ ನಾಲ್ಕನೆಯ ಸುತ್ತಿನಲ್ಲಿ, ಬೆರ್ಗ್‌ವೆರ್ಕ್ ಎಂಬ ತಿರುವು ದಾಟಿ ಏರು ಹತ್ತುತ್ತಿದ್ದಾಗ ಫ್ಯಾನ್ ಒಮ್ಮೆ ತಡವರಿಸಿತು ಮತ್ತು ಪರದೆ ಪೂರ್ತಿ ಕಪ್ಪಾಯಿತು. ಒಂದು ಗಳಿಗೆ ಅದೂ ಟ್ರ್ಯಾಕಿನ ಕತ್ತಲೆಯೇ ಎಂದುಕೊಂಡು ಸ್ಟೀರಿಂಗ್ ತಿರುಗಿಸುತ್ತಲೇ ಇದ್ದೆ. ಕರೆಂಟು ಹೋಗಿತ್ತು, ಇನ್ವರ್ಟರ್ ಹಿಡಿದುಕೊಂಡಿತ್ತು, ಕೂಲರ್ ತಿರುಗುತ್ತಿತ್ತು, ಕಂಪ್ಯೂಟರ್ ಮಾತ್ರ ಸತ್ತಿತ್ತು. ತಪ್ಪು ಸಂಪೂರ್ಣವಾಗಿ ನನ್ನದು. ಮನೆಯ ಇನ್ವರ್ಟರ್‌ಗೆ ಹಿಂಬದಿಯಲ್ಲಿ ಸಾಮಾನ್ಯ ಮತ್ತು ಯುಪಿಎಸ್ ಎಂಬ ಎರಡು ಸ್ಥಿತಿಗಳಿವೆ. ಯುಪಿಎಸ್ ಸ್ಥಿತಿಯಲ್ಲಿ ಅದು ಕೆಲವೇ ಮಿಲಿಸೆಕೆಂಡುಗಳಲ್ಲಿ ಬ್ಯಾಟರಿಗೆ ಹೊರಳುತ್ತದೆ, ಸಾಮಾನ್ಯ ಸ್ಥಿತಿಯಲ್ಲಿ ಹೆಚ್ಚು ಹೊತ್ತು ಹಿಡಿಯುತ್ತದೆ. ಫ್ಯಾನಿಗೂ ದೀಪಕ್ಕೂ ಆ ವ್ಯತ್ಯಾಸ ತಿಳಿಯದು, ಆದರೆ ಪೂರ್ತಿ ಹೊರೆ ಹೊತ್ತ ಕಂಪ್ಯೂಟರಿನ ಪವರ್ ಸಪ್ಲೈ ವಿದ್ಯುತ್ತಿಲ್ಲದೆ ತಡೆದುಕೊಳ್ಳುವುದು 16 ಮಿಲಿಸೆಕೆಂಡಿನ ಆಸುಪಾಸು ಮಾತ್ರ. ಹಿಂದಿನ ವಾರ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವಾಗ ನಾನೇ ಆ ಸ್ವಿಚ್ಚನ್ನು ಸಾಮಾನ್ಯ ಸ್ಥಿತಿಗೆ ಸರಿಸಿ, ಹಾಗೆಯೇ ಬಿಟ್ಟಿದ್ದೆ.

ಸಂಪರ್ಕ ತಪ್ಪಿದ ಕಾರನ್ನು ಆಟವೇ ಪಿಟ್‌ಗೆ, ಅಂದರೆ ಇಂಧನ ತುಂಬಿಸಿ ದುರಸ್ತಿ ಮಾಡುವ ತಾಣಕ್ಕೆ, ಎಳೆದು ತರುತ್ತದೆ, ದೂರಕ್ಕೆ ತಕ್ಕಂತೆ ಎಳೆಯುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಹೊಸಪೇಟೆಯವನು ಕಾವಲಿಗೆಂದು ಎಚ್ಚರವಾಗಿದ್ದುದು ಪುಣ್ಯ. ನಾನು ಫೋನ್ ಮಾಡುವ ಮೊದಲೇ ಅವನು ಸೀಟಿನಲ್ಲಿ ಕುಳಿತಿದ್ದ. 'ಗಾಬರಿ ಆಗಬ್ಯಾಡ, ನಾನು ತೊಗೊಂತೀನಿ, ನೀ ಮೊದಲು ಕರೆಂಟ್ ನೋಡು' ಎಂದಷ್ಟೇ ಹೇಳಿ ಒಂದು ಸ್ಟಿಂಟ್ ಪೂರ್ತಿ ಓಡಿಸಿಕೊಟ್ಟ. ಕಳೆದುಕೊಂಡದ್ದು ಒಂದು ಸುತ್ತಿಗಿಂತ ತುಸು ಹೆಚ್ಚು.

ಹೀಗಾಗಿ ನಾನು ಮತ್ತೆ ಕುಳಿತದ್ದು ಆರು ಗಂಟೆಯ ಹೊತ್ತಿಗೆ, ಅದರೊಂದಿಗೆ ನಾನು ಲೆಕ್ಕಕ್ಕೇ ಹಿಡಿಯದಿದ್ದ ಸಮಸ್ಯೆಯೊಂದು ಎದುರಾಯಿತು. ಪರದೆಯ ಮೇಲಿನ ಜರ್ಮನಿಯಲ್ಲಿ ಸೂರ್ಯ ಮುಳುಗಿದ್ದು ನಮ್ಮ ರಾತ್ರಿ ಹನ್ನೊಂದರ ಮೇಲೆ, ಹುಟ್ಟುವುದು ಏಳೂವರೆಯ ಮೇಲೆ. ಬಳ್ಳಾರಿಯಲ್ಲೋ ಆಗಲೇ ಬೆಳಕು ಹರಿದು ಪೂರ್ವದ ಕಿಟಕಿಯಿಂದ ಬಿಸಿಲು ನೇರವಾಗಿ ಮಾನಿಟರ್ ಮೇಲೆ ಬೀಳುತ್ತಿತ್ತು. ಕತ್ತಲ ಕಾಡಿನ ಬದಲು ನನಗೆ ಕಂಡದ್ದು ನನ್ನದೇ ಮುಖ. ಡೋಟಿಂಗರ್ ಹೋಹೆಯಲ್ಲಿ ತಮ್ಮನನ್ನು ಕೂಗಿದೆ. ಅವನು ಅಜ್ಜನ ಕಾಲದ ಕರಿ ಕುರಿಗಂಬಳಿಯನ್ನು ತಂದು, ಎರಡು ಮೊಳೆ ಹೊಡೆದು ಕಿಟಕಿಗೆ ತೂಗುಹಾಕಿದ. ಸದ್ದು ಕೇಳಿ ಬಂದ ಅವ್ವ ಬಾಗಿಲಲ್ಲಿ ನಿಂತು, 'ಹೊತ್ತು ಮ್ಯಾಲೆ ಬಂದೈತಿ, ಕಿಟಕಿಗೆ ಕಂಬಳಿ ಕಟ್ಟಿ ಏನ್ ಮಾಡಾಕತ್ತೀರಪ್ಪಾ?' ಎಂದು ಕೇಳಿದರೆ, ತಮ್ಮ 'ಅಣ್ಣಗ ಇನ್ನಾ ರಾತ್ರಿ ಐತವ್ವಾ' ಎಂದ. ಗುಂಡಿಯ ಮೇಲೆ ನನ್ನ ಬೆರಳಿತ್ತೆಂಬುದು, ನೆದರ್‌ಲ್ಯಾಂಡ್ಸ್‌ನಿಂದ ನಗು ಕೇಳಿದಾಗಲೇ ನನಗೆ ತಿಳಿದದ್ದು.

ಕಂಬಳಿಯ ಹಿಂದೆ ಗಾಳಿಯಾಡದೆ ಬೆವರು ಕಣ್ಣಿಗಿಳಿಯುತ್ತಿದ್ದ ಆ ಎರಡು ಗಂಟೆಗಳಲ್ಲಿಯೇ ನನ್ನ ಅತ್ಯಂತ ಸಮಾನವಾದ ಸುತ್ತುಗಳು ಬಂದವು. ದಟ್ಟಣೆ ಇಲ್ಲದ ಐದು ಸುತ್ತುಗಳು ಒಂದಕ್ಕೊಂದು ಎರಡು ಸೆಕೆಂಡಿನ ಅಂತರದೊಳಗಿದ್ದವು. ವೇಗದವಲ್ಲ, ಸಮಾನವಾದವು. ಪರದೆಯಲ್ಲಿ ಆಕಾಶ ಬೂದುಬಣ್ಣಕ್ಕೆ ತಿರುಗಿ ಫುಕ್ಸ್‌ರೋರೆಯ ತಳ ಕಣ್ಣಿಗೆ ಕಾಣತೊಡಗಿದ ಸುತ್ತಿನಲ್ಲಿ ಎಣಿಸುವುದನ್ನು ಮರೆತು ಹುಲ್ಲಿಗೆ ಇಳಿದೆ. ಕಾರಿಗೆ ಪೆಟ್ಟಾಗಲಿಲ್ಲ, ತಂಡದ ಖಾತೆಗೆ ಒಂದು ತಪ್ಪಂಕ ಸೇರಿತು.

ಎಂಟು ಗಂಟೆ ಹದಿನೈದು ನಿಮಿಷಕ್ಕೆ ಕಾರನ್ನು ಹುಬ್ಬಳ್ಳಿಯವನಿಗೆ ಒಪ್ಪಿಸಿ ಕೆಳಗಿಳಿದಾಗ ಅವ್ವ ಒಗ್ಗರಣಿ, ಮಿರ್ಚಿ ಮುಂದಿಟ್ಟಳು. ಸಂಜೆ ನಮ್ಮ ವರ್ಗದಲ್ಲಿ 14ನೆಯವರಾಗಿ ಮುಗಿಸಿದೆವು. 13ನೆಯ ಕಾರು ನಮಗಿಂತ ಮುಂದಿದ್ದದ್ದು ಒಂದೇ ಸುತ್ತು. ತಿಂಡಿ ಮುಗಿಸಿದ ಕೂಡಲೇ ನಾನು ಮಾಡಿದ ಮೊದಲ ಕೆಲಸವೆಂದರೆ ಇನ್ವರ್ಟರ್‌ನ ಆ ಸ್ವಿಚ್ಚನ್ನು ಯುಪಿಎಸ್ ಕಡೆಗೆ ಸರಿಸಿ, ಮೇಲೆ ಇನ್ಸುಲೇಷನ್ ಟೇಪ್ ಸುತ್ತಿದ್ದು. ಕಂಬಳಿಯ ಮೊಳೆಗಳನ್ನು ಕೀಳಲು ಅವ್ವ ಹೇಳುತ್ತಲೇ ಇದ್ದಾಳೆ, ನಾನು ಇನ್ನೂ ಕಿತ್ತಿಲ್ಲ.