ಹೊಟ್ಟೆ ಒತ್ತಬೇಡಿ, ಉಸಿರು ಕೊಡಿ

ಈಜುಕೊಳದಲ್ಲಿ ಲೈಫ್‌ಗಾರ್ಡ್ ಕೆಲಸ ನನ್ನದು. ಕಿರುಚಾಡುವ ಮಕ್ಕಳಿಗಿಂತ ಸುಮ್ಮನಿರುವವರ ಮೇಲೆ ನನಗೆ ಕಣ್ಣು ಜಾಸ್ತಿ. ಮುಳುಗುತ್ತಿರುವವರಿಗೆ ಕೂಗಲು ಉಸಿರೇ ಇರುವುದಿಲ್ಲ. ಬಾಯಿ ಮೇಲೆ ಬಂದಾಗ ಗಾಳಿ ಎಳೆದುಕೊಳ್ಳಬೇಕು, ಅಷ್ಟರಲ್ಲಿ ಮತ್ತೆ ಒಳಗೆ. ಕೈ ಬೀಸಲೂ ಆಗುವುದಿಲ್ಲ. ಎರಡೂ ಕೈ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಮೈ ನೆಟ್ಟಗೆ ನಿಂತಿರುತ್ತದೆ, ಕಾಲು ಆಡುವುದಿಲ್ಲ. ಹೀಗೆ ಮೇಲೆ ಉಳಿಯುವುದು 20ರಿಂದ 60 ಸೆಕೆಂಡ್ ಅಷ್ಟೇ.

ಒಂದು ದಿನ ಒಬ್ಬ ಹುಡುಗ ಹಾಗೇ ಇದ್ದ. ಪಕ್ಕದಲ್ಲಿ ಈಜುತ್ತಿದ್ದವರು ಆಟ ಆಡ್ತಿದ್ದಾನೆ ಅಂದುಕೊಂಡಿದ್ದರಂತೆ. "ಏನೋ, ಸರಿಯಾಗಿದ್ದೀಯಾ?" ಎಂದು ಕೂಗಿದೆ. ನನ್ನ ಕಡೆ ತಿರುಗಲೇ ಇಲ್ಲ. ಸೀಟಿ ಊದಿ, ದಡದಲ್ಲಿ ಮಲಗಿ ಗಳ ಚಾಚಿದೆ. ನಿಂತು ಚಾಚಿದರೆ ಅವರು ಎಳೆದ ರಭಸಕ್ಕೆ ನಾವೇ ಒಳಗೆ ಬೀಳುತ್ತೇವೆ. ಅವನಿಗೆ ಹಿಡಿಯುವ ಶಕ್ತಿ ಇರಲಿಲ್ಲ. ನೀರಲ್ಲಿ ತೇಲುವ ರೆಸ್ಕ್ಯೂ ಟ್ಯೂಬ್ ಹಿಡಿದು ಇಳಿದೆ. ತರಬೇತಿ ಇಲ್ಲದವರು ಮಾತ್ರ ಇಳಿಯಬಾರದು. ಹಗ್ಗ, ಖಾಲಿ ಕ್ಯಾನ್, ತೇಲುವ ಏನನ್ನಾದರೂ ಎಸೆಯಬೇಕು.

ಮೇಲೆ ತಂದಾಗ ಉಸಿರಾಡುತ್ತಿರಲಿಲ್ಲ. ಜೊತೆಗಿದ್ದವನು ಆಂಬುಲೆನ್ಸ್‌ಗೆ ಫೋನ್ ಮಾಡಿದ. ಅಲ್ಲಿದ್ದ ಹಿರಿಯರೊಬ್ಬರು, "ಹೊಟ್ಟೆ ಒತ್ತಪ್ಪ, ನೀರು ಬರಲಿ" ಎಂದರು. ಇದನ್ನು ಪ್ರತಿ ಸಲ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೊಟ್ಟೆ ಒತ್ತಿದರೆ ಒಳಗಿದ್ದದ್ದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಸಮಯವೂ ಹಾಳು. ಮುಳುಗಿದವರಿಗೆ ಮೊದಲು ಬೇಕಾದದ್ದು ಗಾಳಿ. ಆಮ್ಲಜನಕ ಸಿಗದೇ ಇವರ ಹೃದಯ ನಿಲ್ಲುವುದು, ಹಾಗಾಗಿ ಬರೀ ಎದೆ ಒತ್ತಿದರೆ ಸಾಲದು.

ಗಲ್ಲ ಎತ್ತಿ, ಮೂಗು ಮುಚ್ಚಿ 5 ಸಲ ಉಸಿರು ಕೊಟ್ಟೆ. (ಕೆಲವು ಕಡೆ 2 ಎಂದು ಕಲಿಸುತ್ತಾರೆ.) ಅಲುಗಾಟವಿಲ್ಲ. ಆಮೇಲೆ 30 ಸಲ ಎದೆ ಒತ್ತುವುದು, 2 ಉಸಿರು. ನಿಮಿಷಕ್ಕೆ 100ರಿಂದ 120ರ ವೇಗ, ಮಕ್ಕಳಾದರೆ ಎದೆಯ ದಪ್ಪದ ಮೂರನೇ ಒಂದು ಭಾಗದಷ್ಟು ಆಳ. ಬಾಯಲ್ಲಿ ನೊರೆ ಬರುತ್ತಿತ್ತು. ಅದನ್ನು ಒರೆಸುತ್ತಾ ಕೂರಬಾರದು, ಉಸಿರು ಕೊಡುತ್ತಲೇ ಇರಬೇಕು. ವಾಂತಿಯಾದಾಗ ಮಾತ್ರ ಪಕ್ಕಕ್ಕೆ ತಿರುಗಿಸಿ ಅವನ ಬಾಯಿ ಸ್ವಚ್ಛ ಮಾಡಿದೆ. ಆಗಲೇ ಕೆಮ್ಮಿದ.

ಸ್ವಲ್ಪ ಹೊತ್ತಿಗೆ ಎದ್ದು ಕೂತ. "ಈಗ ಚೆನ್ನಾಗೇ ಇದ್ದಾನಲ್ವಾ, ಮನೆಗೆ ಕರ್ಕೊಂಡು ಹೋಗ್ತೀವಿ" ಎಂದರು ಅವನ ತಂದೆ. ನಾನು ಬಿಡಲಿಲ್ಲ. ಶ್ವಾಸಕೋಶಕ್ಕೆ ನೀರು ಹೋದವರಿಗೆ ಕೆಲವು ಗಂಟೆಗಳಲ್ಲಿ ಉಸಿರಾಟ ಕೆಡಬಹುದು. ಜಗಳ ಆಡಿಯೇ ಆಂಬುಲೆನ್ಸ್ ಹತ್ತಿಸಿದೆ. ರಾತ್ರಿ ಅವನಿಗೆ ಆಮ್ಲಜನಕ ಹಾಕಬೇಕಾಯಿತಂತೆ.